ಕೋನ್ ಫಿಲ್ಟರ್ ಹಾಕಿಸಿದ್ದೀರಾ? ಹಳೇ ಡಬ್ಬ ಎಸೆಯಬೇಡಿ

ಬೈಕಿನ ಏರ್ ಫಿಲ್ಟರ್ ಡಬ್ಬ ಬಿಚ್ಚಿ, ಅದರ ಜಾಗದಲ್ಲಿ ಕೋನ್ ಫಿಲ್ಟರ್ ಸಿಕ್ಕಿಸಿದರೆ ಗಾಡಿ ಹಾರುತ್ತದೆ ಎಂದು ನಮ್ಮ ಹುಡುಗರು ನಂಬಿದ್ದಾರೆ. ಸದ್ದು ಜೋರಾಗುವುದು ನಿಜ. ಆದರೆ ಅದರ ಹಿಂದೆಯೇ ರಗಳೆಯೂ ಬರುತ್ತದೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಪಟಪಟ ಎನ್ನುತ್ತದೆ. ಆಮೇಲೆ ಪ್ಲಗ್ಗು, ಕಾಯಿಲು, ಕಾರ್ಬೊರೇಟರ್ ಅಂತ ದುಡ್ಡು ಸುರಿಯುವುದೇ ಕೆಲಸ.

ನಾವು ಹೇಳುವುದು ಇಷ್ಟೇ: ಒಂದು ರೂಪಾಯಿ ಖರ್ಚು ಮಾಡುವ ಮೊದಲು ಹಳೇ ಡಬ್ಬ ವಾಪಸ್ ಹಾಕಿ ಓಡಿಸಿ ನೋಡಿ. ತೊಂದರೆ ಹೋಯಿತೋ, ಕಳ್ಳ ಸಿಕ್ಕಿದ ಹಾಗೆ.

ಕಾರಣ ಸರಳ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಎಂಜಿನ್ ಕಾಯುತ್ತದೆ, ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ. ಕಾರ್ಬೊರೇಟರ್ ಗಾಡಿಗೆ ಆಗ ದೊಡ್ಡ ಜೆಟ್ ಹಾಕಬೇಕು. 2020ರ ನಂತರದ ಬಿಎಸ್-6 ಗಾಡಿಗಳಲ್ಲಿ ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ಮಿತಿ ದಾಟಿದರೆ ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತುತ್ತದೆ. ಇನ್ನೊಂದು ವಿಷಯ, ಎಂಜಿನ್ ಪಕ್ಕದಲ್ಲೇ ಬಯಲಾಗಿ ಕೂತ ಫಿಲ್ಟರ್ ಬಿಸಿ ಗಾಳಿ ಎಳೆಯುತ್ತದೆ. ಬಿಸಿ ಗಾಳಿ ತೆಳು. ಪಿಕಪ್ ಬರುವ ಬದಲು ಇದ್ದದ್ದೂ ಹೋಗುತ್ತದೆ.

ಆದರೂ ಅದೇ ಫಿಲ್ಟರ್ ಬೇಕು ಎನ್ನುವವರು ಇಷ್ಟು ನೋಡಿ. ಕ್ಲಾಂಪ್ ಬಿಗಿಯಾಗಿದೆಯೇ? ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ? ಸೆನ್ಸರ್ ವೈರ್ ಸರಿಯಾಗಿ ಕೂತಿದೆಯೇ? ಎಂಜಿನ್ನಿನಿಂದ ಹಳೇ ಡಬ್ಬಕ್ಕೆ ಹೋಗುತ್ತಿದ್ದ ಸಣ್ಣ ಪೈಪಿನ ಬಾಯಿ ಈಗ ಬಯಲಾಗಿದೆಯೇ? ಕೊನೆಗೆ, ಎಂಜಿನ್ ಆಫ್ ಮಾಡಿ, ಫಿಲ್ಟರ್ ತೆಗೆದು, ಒಳಗಿನ ಪೈಪನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಧೂಳು ಹತ್ತಿದರೆ ಆ ಫಿಲ್ಟರ್ ನಿಮ್ಮ ಗಾಡಿಗೆ ಬೇಡ.

ಬೇರೆ ಊರಲ್ಲಿ ಇದು ಶೋಕಿಯ ಮಾತಾಗಿರಬಹುದು. ಚಾಂಪಿಯನ್ ರೀಫ್ಸ್‌ನಲ್ಲಿ ಅಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ಉಳಿದವು. ಅದು ಬರೀ ಮಣ್ಣಲ್ಲ, ಚಿನ್ನ ತೆಗೆಯಲು ಹಿಟ್ಟಿನಂತೆ ಅರೆದ ಬಂಡೆ. ಆಷಾಢದ ಗಾಳಿಗೆ ಅದು ಎದ್ದು ಬಂದು ಮನೆ, ರಸ್ತೆ, ಗಾಡಿ ಎಲ್ಲದರ ಮೇಲೂ ಕೂರುತ್ತದೆ. ಎಂಜಿನ್ ಒಳಗೆ ಹೋದರೆ ಉಪ್ಪುಕಾಗದದಂತೆ ಸಿಲಿಂಡರ್ ಉಜ್ಜುತ್ತದೆ. ಆಮೇಲೆ ನೀಲಿ ಹೊಗೆ, ಆಯಿಲ್ ಇಳಿತ, ಕೊನೆಗೆ ಬೋರ್ ಕೆಲಸ.

ಕಲ್ಲಿನ ಧೂಳು ಏನು ಮಾಡುತ್ತದೆ ಎಂದು ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಇದೇ ಕೋಲಾರ ಚಿನ್ನದ ಗಣಿಗಳಿಂದ. ಮನುಷ್ಯರ ಎದೆಗೂ ಎಂಜಿನ್ನಿಗೂ ಹೋಲಿಕೆಯಿಲ್ಲ. ಆದರೆ ಅಜ್ಜನ ಕೆಮ್ಮು ಕೇಳಿ ಬೆಳೆದವರು ಧೂಳನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೆಕ್ಯಾನಿಕ್ ಅಣ್ಣಂದಿರಲ್ಲಿ ಒಂದು ವಿನಂತಿ. ಬಿಚ್ಚಿದ ಡಬ್ಬವನ್ನು ಗುಜರಿಗೆ ಹಾಕಬೇಡಿ, ಗಿರಾಕಿಯ ಕೈಗೇ ಕೊಡಿ. ಟ್ಯೂನಿಂಗ್ ಇಲ್ಲದೆ ಕೋನ್ ಫಿಲ್ಟರ್ ಹಾಕಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವನಿಗೆ ಗಾಡಿ ನಿಂತರೆ ಆ ದಿನದ ಕೂಲಿಯೇ ಹೋಯಿತು.

ನಮ್ಮ ಧೂಳಿಗೆ ಕಂಪನಿ ಫಿಲ್ಟರೇ ಸರಿ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಅದನ್ನು ನೋಡಿಸಿ, ಕಟ್ಟಿಕೊಂಡಿದ್ದರೆ ಬದಲಿಸಿ. ಬೋರ್ ಕೆಲಸದ ಬಿಲ್ಲಿನ ಮುಂದೆ ಅದು ಚಿಲ್ಲರೆ ಕಾಸು.