ಗಿಡಕ್ಕೆ ಸುಣ್ಣ, ಮನುಷ್ಯನಿಗೆ ಮಾತ್ರೆ

ಕೊಡಗಿನ ಮಣ್ಣು ಆಮ್ಲಗುಣದ್ದು. ಮುಂಗಾರಿನ ಮಳೆ ವರ್ಷವರ್ಷವೂ ಇಳಿಜಾರುಗಳ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ತೊಳೆದು ಹೊಳೆಗೆ ಸೇರಿಸುತ್ತದೆ. ಇದನ್ನು ಬಲ್ಲ ಬೆಳೆಗಾರರು ತೋಟದ ಮಣ್ಣನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಲೆಕ್ಕ ಹಾಕಿ ಸುಣ್ಣ ಹರಡುತ್ತಾರೆ. ಎಲೆ ಕಿರಿದಾಗಿ ಬಿಳಿಚಿಕೊಂಡರೆ ಸತುವಿನ ಕೊರತೆಯೆಂದು ಗುರುತಿಸಿ ದ್ರಾವಣ ಸಿಂಪಡಿಸುತ್ತಾರೆ. ಕಾಫಿ ಗಿಡದ ಹಸಿವನ್ನು ಅರಿಯಲು ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೇ ಇದೆ. ಸಾರಜನಕವನ್ನು ಮಿತಿಮೀರಿ ಸುರಿದು ಉಳಿದ ಖನಿಜಗಳನ್ನು ಮರೆತರೆ ಗಿಡ ಹೊರನೋಟಕ್ಕೆ ಸೊಂಪಾಗಿದ್ದೂ ಒಳಗೆ ಸೊರಗಿರುತ್ತದೆ ಎಂಬುದು ನಮ್ಮ ಜಿಲ್ಲೆಯ ಯಾವ ಬೆಳೆಗಾರನಿಗೂ ಹೊಸ ಮಾತಲ್ಲ.

ಆ ಮಾತನ್ನು ಮನುಷ್ಯನಿಗೆ ಅನ್ವಯಿಸಲು ಮಾತ್ರ ಈ ಸಮಾಜಕ್ಕೆ ಮನಸ್ಸಿಲ್ಲ. ದಪ್ಪಗಾದವರನ್ನು ಕಂಡರೆ ಹೊಟ್ಟೆಬಾಕರೆಂದು ನಗುವುದು, 'ಬಾಯಿ ಕಟ್ಟಿ' ಎಂದು ಉಪದೇಶಿಸುವುದು, ಕೊನೆಗೆ ಮಾತ್ರೆಯ ಅಂಗಡಿಗೆ ದಾರಿ ತೋರಿಸುವುದು: ಇಷ್ಟೇ ಬೊಜ್ಜಿನ ಬಗ್ಗೆ ನಾವು ಕಲಿತ ವಿಜ್ಞಾನ. ಬೊಜ್ಜು ಕೇವಲ ಹೆಚ್ಚಳದ ರೋಗವಲ್ಲ, ಅದರೊಳಗೆ ಒಂದು ಅಭಾವ ಅಡಗಿದೆ. ಆ ಅಭಾವವನ್ನು ಬಿತ್ತಿದ್ದು ನಮ್ಮ ನೆಲದ ಬಳಕೆಯೇ ಎಂದು ಹೇಳುವುದಕ್ಕಾಗಿ ಈ ಲೇಖನ.

ಒಂದೇ ದೇಹದಲ್ಲಿ ಎರಡು ರೋಗ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಗಮನಿಸಿ. 2015-16ರಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು ಶೇ. 23.3. 2019-21ರ ವೇಳೆಗೆ ಅದು ಶೇ. 30.1 ಆಯಿತು. ಪುರುಷರಲ್ಲಿ ಶೇ. 22.1 ಇದ್ದದ್ದು ಶೇ. 30.9ಕ್ಕೆ ಏರಿತು. ಹೊಟ್ಟೆ ತುಂಬಿದ ನಾಡಿನ ಲಕ್ಷಣವಿದು ಎನ್ನುವಿರಾದರೆ ಮುಂದಿನ ಸಾಲನ್ನೂ ಓದಬೇಕು. ಅದೇ ಅವಧಿಯಲ್ಲಿ ಮಹಿಳೆಯರ ರಕ್ತಹೀನತೆ ಶೇ. 44.8ರಿಂದ ಶೇ. 47.8ಕ್ಕೆ ಹೆಚ್ಚಿತು. ರಕ್ತಹೀನತೆಗೆ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ, ನಿಜ. ಆದರೆ ತೂಕವೂ ಏರಿ, ರಕ್ತವೂ ತೆಳುವಾಗುತ್ತಿರುವ ನಾಡಿಗೆ 'ಕಡಿಮೆ ತಿನ್ನಿ' ಎಂಬುದೊಂದೇ ಮದ್ದಾಗಲು ಸಾಧ್ಯವೇ?

ಈ ಎರಡಕ್ಕೂ ದೇಹದೊಳಗೇ ಕೊಂಡಿಯಿದೆ. ಬೊಜ್ಜಿನ ಅಂಗಾಂಶ ದೇಹದಲ್ಲಿ ಸದಾ ಮಂದವಾದ ಉರಿಯೂತವನ್ನು ಹುಟ್ಟಿಸುತ್ತದೆ. ಉರಿಯೂತ ಹೆಚ್ಚಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಹೋಗುವ ಕಬ್ಬಿಣಕ್ಕೆ ಅಗುಳಿ ಹಾಕುತ್ತದೆ. ಮೆಗ್ನೀಸಿಯಂ ಇನ್ಸುಲಿನ್ನಿನ ಕೆಲಸಕ್ಕೆ ಬೇಕಾದ ಖನಿಜ. ಅದನ್ನು ಕಡಿಮೆ ಸೇವಿಸುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚೆಂದು ಹಲವು ದೇಶಗಳ ದೀರ್ಘ ಅಧ್ಯಯನಗಳು ಕಂಡಿವೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಆಹಾರದಲ್ಲಿ ಚೆನ್ನಾಗಿ ಪಡೆಯುವ ವಯಸ್ಕರಲ್ಲಿ ಬೊಜ್ಜು ಕಡಿಮೆ ಎಂದೂ ಅನೇಕ ಸಮೀಕ್ಷೆಗಳು ತೋರಿಸಿವೆ.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸಾಲದೇ? ಸಾಲದು. 2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಅಧಿಕ ತೂಕದ 340 ವಯಸ್ಕರಲ್ಲಿ ಒಂದು ಗುಂಪಿಗೆ ಎರಡು ವರ್ಷ ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟರು. ಮತ್ತೊಂದಕ್ಕೆ ಹುಸಿ ಮಾತ್ರೆ. ತೂಕದಲ್ಲಿ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ಇದರ ಅರ್ಥ ಸರಳ. ಖನಿಜ ಸಮೃದ್ಧವಾದ ಊಟವೆಂದರೆ ಸೊಪ್ಪು, ಕಾಳು, ತೌಡು ಉಳಿದ ಧಾನ್ಯ, ಸಣ್ಣ ಮೀನು, ಮಜ್ಜಿಗೆ. ಅದು ನಾರಿನ ಊಟ, ಅಗಿದು ತಿನ್ನುವ ಊಟ, ಬೇಗ ತೃಪ್ತಿ ಕೊಡುವ ಊಟ. ಖನಿಜವು ಆ ಊಟದ ಗುರುತೇ ಹೊರತು ಊಟಕ್ಕೆ ಬದಲಿಯಲ್ಲ. 2019ರಲ್ಲಿ ಅಮೆರಿಕದಲ್ಲಿಯೇ 20 ವಯಸ್ಕರಿಗೆ ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರ, ಎರಡು ವಾರ ಸಹಜ ಆಹಾರ ಬಡಿಸಿ ಬೇಕಾದಷ್ಟು ತಿನ್ನಲು ಬಿಟ್ಟರು. ಕಾರ್ಖಾನೆಯ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು, ಸರಾಸರಿ 0.9 ಕಿಲೋ ತೂಕ ಏರಿಸಿಕೊಂಡರು. ಅವರ ಮನೋಬಲ ಎರಡು ವಾರದಲ್ಲಿ ಬದಲಾಗಿತ್ತೇ? ಬದಲಾದದ್ದು ತಟ್ಟೆ.

ನಮ್ಮ ತಟ್ಟೆ ಬರಿದಾದ ಬಗೆ

ಕೊಡಗು ಅನ್ನದ ನಾಡು. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯವೇ. ಆದರೆ ಅಂದಿನ ಅಕ್ಕಿ ಒನಕೆಯಡಿ ಕುಟ್ಟಿದ್ದು. ತೌಡಿನ ಪಾಲು ಅದರಲ್ಲಿ ಉಳಿಯುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ತೌಡು ತೆಗೆಯದ ಅಕ್ಕಿಯಲ್ಲಿ ಸುಮಾರು 94 ಮಿಲಿಗ್ರಾಂ ಮೆಗ್ನೀಸಿಯಂ ಇದ್ದರೆ, ಯಂತ್ರದಲ್ಲಿ ಹೊಳಪು ಕೊಟ್ಟ ಬಿಳಿ ಅಕ್ಕಿಯಲ್ಲಿ ಸುಮಾರು 19. ಐದನೇ ನಾಲ್ಕು ಪಾಲು ಗಿರಣಿಯಲ್ಲೇ ಕಳೆದುಹೋಯಿತು! ಬಿಳಿ ಅಕ್ಕಿಯ ಕ್ಯಾಲ್ಸಿಯಂ ಎಂಟು ಮಿಲಿಗ್ರಾಂ ಮುಟ್ಟುವುದಿಲ್ಲ, ರಾಗಿಯದು 364. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ ಎಂದು ಅದೇ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ.

ಅಕ್ಕಿಯಲ್ಲಿ ಕಡಿಮೆ ಬಿದ್ದದ್ದನ್ನು ಹಿಂದೆ ಗದ್ದೆಯೇ ತುಂಬಿಕೊಡುತ್ತಿತ್ತು. ಗದ್ದೆಯೆಂದರೆ ಭತ್ತ ಮಾತ್ರವಲ್ಲ. ಬದುವಿನ ಕೆಸು, ಒಂದೆಲಗ, ಹೊನಗೊನೆ. ತೋಡಿನ ಏಡಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು. ಅಂಚಿನ ಕಾಡಿನ ತೆರ್ಮೆ ಸೊಪ್ಪು, ಕಣಿಲೆ, ಅಣಬೆ. ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಉಣ್ಣುವ ನಾಡು ನಮ್ಮದು. ಕೆಸುವಿನಲ್ಲಿರುವ ಆಕ್ಸಲೇಟು ಅದರ ಕ್ಯಾಲ್ಸಿಯಂನ ಒಂದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಾವ ಒಂದು ಸೊಪ್ಪೂ ಪವಾಡವಲ್ಲ. ಹತ್ತು ಬಗೆ ಬೆರೆತದ್ದೇ ಆ ಊಟದ ಶಕ್ತಿ.

ಇಂದು ಆ ಗದ್ದೆಗಳೇನಾದವು? ಕೆಲವು ಕಾಫಿ, ಅಡಿಕೆಗೆ ತಿರುಗಿದವು. ಕೆಲವು ಗುತ್ತಿಗೆಯ ಶುಂಠಿಗೆ ಹೋಗಿ ವಿಷದ ಮೇಲೆ ವಿಷ ಕುಡಿದವು. ಕೆಲವು ಮಣ್ಣು ತುಂಬಿಸಿಕೊಂಡು ನಿವೇಶನ, ರೆಸಾರ್ಟುಗಳಾದವು. ತೋಟದೊಳಗೆ ಕಳೆನಾಶಕ ಹೊಡೆದಾಗ ಸಾಯುವ 'ಕಳೆ'ಯಲ್ಲಿ ಅರ್ಧ ನಮ್ಮ ಅಜ್ಜಿಯರ ಪಲ್ಯ. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ಕಿತ್ತುಹಾಕಿ ಕೃಷಿಕರಲ್ಲದ ಹಣವಂತರಿಗೂ ಕೃಷಿಭೂಮಿಯ ಬಾಗಿಲು ತೆರೆಯಿತು. ಪುತ್ತರಿಯಂದು ಕದಿರು ಕೊಯ್ಯಲು ನೆರೆಯವರ ಗದ್ದೆ ಹುಡುಕುವ ಮನೆಗಳು ಹೆಚ್ಚಿದರೆ ಅದು ಸಂಸ್ಕೃತಿಯ ಸಂಕಟ ಮಾತ್ರವಲ್ಲ, ಪೋಷಣೆಯ ಸಂಕಟವೂ ಹೌದು. ಖಾಲಿಯಾದ ಜಾಗಕ್ಕೆ ಬಂದು ಕೂತದ್ದು ಸಂತೆಯ ಅಂಗಡಿಯಲ್ಲಿ ಸರಮಾಲೆಯಾಗಿ ತೂಗುವ ಚಿಪ್ಸು, ಬಿಸ್ಕತ್ತು, ತಾಳೆ ಎಣ್ಣೆ, ಬಣ್ಣದ ನೀರು. ಕ್ಯಾಲೊರಿ ಧಾರಾಳ, ಖನಿಜ ಅತ್ಯಲ್ಪ, ಉಪ್ಪು ವಿಪರೀತ.

ಕಾಚಂಪುಳಿಯ ಕಥೆ

ಈ ವ್ಯವಹಾರದ ನಗ್ನರೂಪ ಕಾಣಬೇಕಾದರೆ ನಮ್ಮದೇ ಕಾಚಂಪುಳಿಯನ್ನು ನೋಡಿ. ಮಲೆನಾಡಿಗರು ಉಪ್ಪಾಗೆ ಎನ್ನುವ ಆ ಹಣ್ಣಿನ ರಸವನ್ನು ಕಾಯಿಸಿ ಕಪ್ಪಗಾಗಿಸಿ, ಪಂದಿಕರಿಗೆ ಹನಿಯಷ್ಟು ಹಾಕುವುದು ನಮ್ಮ ಪದ್ಧತಿ. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕರಗಿಸುತ್ತದೆಂದು 1990ರ ದಶಕದಲ್ಲಿ ಪಶ್ಚಿಮದ ಕಂಪನಿಗಳು ಡಂಗುರ ಸಾರಿದವು. ಬೇಡಿಕೆ ಹುಚ್ಚೆದ್ದಿತು. ಪಶ್ಚಿಮಘಟ್ಟದ ಕಾಡುಗಳಲ್ಲಿ ಬಲಿಯದ ಕಾಯಿಗಳನ್ನೂ ಉದುರಿಸಿದರು. ಸಿಪ್ಪೆ ಒಣಗಿಸಲು ಕಾಡಿನ ಸೌದೆಯನ್ನೇ ಉರಿಸಿದರು. ಇಷ್ಟೆಲ್ಲ ಯಾವ ಫಲಕ್ಕೆ? 1998ರಲ್ಲಿ 135 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಆ ಮಾತ್ರೆಗೂ ಹುಸಿ ಮಾತ್ರೆಗೂ ತೂಕ ಇಳಿಸುವುದರಲ್ಲಿ ಗಣನೀಯ ಅಂತರವೇ ಕಾಣಲಿಲ್ಲ. ಆದರೂ ಮಾತ್ರೆಯ ಮಾರಾಟ ನಿಲ್ಲಲಿಲ್ಲ. ಊಟದಿಂದ ಬೇರ್ಪಡಿಸಿದ ಸತ್ವ ಲಾಭಕ್ಕೆ ಒದಗುತ್ತದೆ, ದೇಹಕ್ಕೆ ಒದಗುವುದಿಲ್ಲ.

ಸರ್ಕಾರದ ತರ್ಕವೂ ಮಾತ್ರೆಯದೇ. 2021ರ ಆಗಸ್ಟ್ 15ರಂದು ಪ್ರಧಾನಿಯವರು ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ ಸಾರವರ್ಧಿಸಿ ಕೊಡುವುದಾಗಿ ಘೋಷಿಸಿದರು: ಹೊಳಪು ಕೊಟ್ಟ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆತ ಕೃತಕ ಕಾಳುಗಳ ಮಿಶ್ರಣ. ಗಿರಣಿಯಲ್ಲಿ ಕಿತ್ತದ್ದರಲ್ಲಿ ಒಂದೆರಡನ್ನು ಕಾರ್ಖಾನೆಯಲ್ಲಿ ಮರಳಿ ಸೇರಿಸುವ ಈ ಜಾಣತನದಲ್ಲಿ ಮೆಗ್ನೀಸಿಯಂ ಎಲ್ಲಿ, ನಾರು ಎಲ್ಲಿ, ಹತ್ತು ಬಗೆಯ ಸೊಪ್ಪು ಎಲ್ಲಿ? ತೀವ್ರ ಕೊರತೆಯಿರುವವರಿಗೆ ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯನ್ನು ನಾವು ವಿರೋಧಿಸುವುದಿಲ್ಲ. ಗರ್ಭಿಣಿಯರು ಅದನ್ನು ಬಿಡಲೇಬಾರದು. ನಮ್ಮ ವಿರೋಧ, ಗದ್ದೆಯನ್ನು ಕಳೆದು ಮಾತ್ರೆಯನ್ನು ಕೂಡುವ ಗಣಿತಕ್ಕೆ.

ಈ ಗಣಿತದಲ್ಲಿ ಹೆಚ್ಚು ಕಳೆದುಕೊಂಡವರು ಯಾರೆಂಬುದನ್ನೂ ಹೇಳಬೇಕು. ಕಾಡಿನ ಸೊಪ್ಪು, ಗೆಡ್ಡೆಗಳ ಜ್ಞಾನವನ್ನು ಕಾಪಾಡಿಕೊಂಡು ಬಂದವರು ಎರವರು, ಜೇನುಕುರುಬರು. ಅವರನ್ನು ನಾಗರಹೊಳೆಯಿಂದ ಹೊರಹಾಕಿ ತೋಟದ ಲೈನ್‌ಮನೆಗಳಿಗೆ, ಕಾಲೊನಿಗಳಿಗೆ ತಳ್ಳಲಾಯಿತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅವರ ಗುಡಿಸಲುಗಳನ್ನು ಕೆಡವಿದ್ದನ್ನು ನಾಡು ಕಂಡಿದೆ. ಲೈನ್‌ಮನೆಯ ಮುಂದೆ ಒಂದು ಮಡಿ ಸೊಪ್ಪು ಬೆಳೆಯಲು ನೆಲವಿಲ್ಲದವರಿಗೆ 'ಸಮತೋಲನ ಆಹಾರ'ದ ಭಿತ್ತಿಪತ್ರ ಹಂಚುವುದು ಕ್ರೂರ ಹಾಸ್ಯ.

ಆಗಬೇಕಾದದ್ದು

'ಅಜ್ಜಂದಿರು ಬಡತನದಿಂದ ಸೊಪ್ಪು ತಿಂದರು, ನಾವೇಕೆ ತಿನ್ನಬೇಕು?' ಎಂದು ಕೇಳುವವರಿದ್ದಾರೆ. ಅಜ್ಜಂದಿರು ಹೆಚ್ಚು ನಡೆದರು, ಹೆಚ್ಚು ದುಡಿದರು, ಅದೂ ಒಂದು ಕಾರಣವೇ. ಆದರೆ ಅದೇ ಸೊಪ್ಪು, ಅದೇ ಕಣಿಲೆಯನ್ನು ಹೋಂಸ್ಟೇಗಳಲ್ಲಿ ದುಬಾರಿ ಬೆಲೆಗೆ ಉಣ್ಣುವ ಅತಿಥಿ ಬಡವನಲ್ಲ ತಾನೇ?

ಮುಂದಿನ ಗ್ರಾಮಸಭೆಗಳಲ್ಲಿ ನಾವು ಈ ಬೇಡಿಕೆಗಳನ್ನು ಎತ್ತೋಣ. ಗದ್ದೆಯನ್ನು ಕೃಷಿಯೇತರಕ್ಕೆ ಪರಿವರ್ತಿಸುವ ಪ್ರತಿ ಅರ್ಜಿಯೂ ಗ್ರಾಮಸಭೆಯ ಮುಂದೆ ಬರಲಿ. ಪಡಿತರದಲ್ಲಿ ರಾಗಿ ಮತ್ತು ಕಡಿಮೆ ಹೊಳಪಿನ ಅಕ್ಕಿ ಸಿಗಲಿ. ಭತ್ತ ಬೆಳೆಯುವವರಿಗೆ ಗದ್ದೆ ಉಳಿಸಿದ್ದಕ್ಕಾಗಿ ಪ್ರೋತ್ಸಾಹಧನ ದೊರೆಯಲಿ. 2006ರ ಅರಣ್ಯ ಹಕ್ಕು ಕಾಯಿದೆ ಕೊಟ್ಟಿರುವ ಕಿರು ಅರಣ್ಯ ಉತ್ಪನ್ನಗಳ ಹಕ್ಕು ಆದಿವಾಸಿಗಳಿಗೆ ಕಾಗದದ ಮೇಲಲ್ಲ, ಕಾಡಿನಲ್ಲಿ ಸಿಗಲಿ. ತೋಟದ ಮಾಲೀಕರು ಲೈನ್‌ಮನೆಗಳ ಸುತ್ತ ಕಳೆನಾಶಕ ತಾಗದ ನೆಲ ಬಿಡಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಹಿರಿಯರೊಡನೆ ಬದುವಿನ ಮೇಲೆ ನಡೆದು ತಿನ್ನುವ ಸೊಪ್ಪುಗಳ ಪಟ್ಟಿ ಮಾಡಿ. ಅಣಬೆಯನ್ನು ಮಾತ್ರ ಬಲ್ಲವರಿಲ್ಲದೆ ಮುಟ್ಟಬೇಡಿ. ಕಣಿಲೆಯನ್ನು ನೆನೆಸಿ ನೀರು ಚೆಲ್ಲದೆ ಬೇಯಿಸಬೇಡಿ. ಊಟದ ಜೊತೆಗೇ ಕಾಫಿ ಕುಡಿದರೆ ಸೊಪ್ಪು-ಕಾಳುಗಳ ಕಬ್ಬಿಣ ದೇಹಕ್ಕೆ ಕಡಿಮೆ ಹತ್ತುತ್ತದೆಂದು ಮನೆಯಲ್ಲಿ ತಿಳಿಸಿ. ಕಾಫಿಯ ನಾಡಿನಲ್ಲಿ ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು!

ಕಾಫಿ ಗಿಡದ ಎಲೆ ಹಳದಿಯಾದರೆ ಯಾರೂ ಗಿಡವನ್ನು ಬೈಯುವುದಿಲ್ಲ. ಬುಡದ ಮಣ್ಣನ್ನು ಪರೀಕ್ಷಿಸುತ್ತಾರೆ. ಕೊಡಗಿನ ಮನುಷ್ಯನಿಗೂ ಅಷ್ಟೇ ನ್ಯಾಯ ಸಲ್ಲಲಿ.