ಹನ್ನೆರಡು ಸೆಕೆಂಡಿನ ತಪ್ಪು ಯಾರದು?

2003ರ ನವೆಂಬರ್ 8ರಂದು ಇಂಗ್ಲೆಂಡಿನ ವಿಗನ್‌ನಲ್ಲಿ ಗ್ರೇಟ್ ಬ್ರಿಟನ್ ಮತ್ತು ಆಸ್ಟ್ರೇಲಿಯಾ ನಡುವಿನ ರಗ್ಬಿ ಲೀಗ್ ಆ್ಯಷಸ್ ಸರಣಿಯ ಮೊದಲ ಟೆಸ್ಟ್ ನಡೆಯಿತು. ಆಟ ಶುರುವಾಗಿ 12 ಸೆಕೆಂಡಾಗಿತ್ತು. ಚೆಂಡು ಹಿಡಿದು ನುಗ್ಗಿ ಬರುತ್ತಿದ್ದ ಆಸ್ಟ್ರೇಲಿಯಾದ ರಾಬಿ ಕರ್ನ್ಸ್ ಅವರನ್ನು ತಡೆಯಲು ಬ್ರಿಟನ್ನಿನ ಏಡ್ರಿಯನ್ ಮೋರ್ಲಿ ಬೀಸಿದ ತೋಳು ಎದೆಗೆ ತಾಗದೆ ತಲೆಗೆ ಬಡಿಯಿತು. ರೆಫರಿ ಮೋರ್ಲಿಯವರನ್ನು ಹೊರಗೆ ಕಳಿಸಿದರು. ಉಳಿದ 12 ಮಂದಿ ಹೆಚ್ಚುಕಡಿಮೆ ಇಡೀ 80 ನಿಮಿಷ 13 ಮಂದಿಯ ಎದುರು ಆಡಿದರು. ಸೋತದ್ದು 22-18ರಲ್ಲಿ, ಅದೂ ಪಂದ್ಯದ ಕೊನೆಗಳಿಗೆಯಲ್ಲಿ.

ಈ ಪಂದ್ಯದ ಮಾತು ಬಂದಾಗಲೆಲ್ಲ ಮೋರ್ಲಿಯವರ ತೋಳಿನ ಪ್ರಸ್ತಾಪ ಬರುತ್ತದೆ. ಮೈದಾನದಲ್ಲಿ ಶಿಸ್ತು ತಪ್ಪಿದಾಗ ಶಿಕ್ಷೆ ತಪ್ಪು ಮಾಡಿದವನಿಗಾಗುತ್ತದೆ, ಬೈಗುಳ ನಾಯಕನ ಪಾಲಿಗೆ ಬರುತ್ತದೆ. ತಂಡವನ್ನು ಆರಿಸಿದವರ ಹೆಸರು ಮಾತ್ರ ಎಲ್ಲೂ ಕೇಳಿಬರುವುದಿಲ್ಲ. ಹೊಣೆಯ ದೊಡ್ಡ ಪಾಲು ಇರುವುದು ಅವರ ಮೇಲೆಯೇ ಎಂದು ನಾನು ನಂಬಿದ್ದೇನೆ.

ರಗ್ಬಿ ಲೀಗ್ ನಮ್ಮಲ್ಲಿ ಹೆಚ್ಚು ಜನ ನೋಡುವ ಆಟವಲ್ಲ. ಹಾಗಾಗಿ ಅದರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೆಂಡು ಹಿಡಿದ ತಂಡಕ್ಕೆ ಸಿಗುವುದು ಆರು ಟ್ಯಾಕಲ್‌ಗಳ ಅವಕಾಶ. ಅಷ್ಟರೊಳಗೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಟ್ರೈ ಗಳಿಸಬೇಕು, ಆಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಒಂದೊಂದು ಟ್ಯಾಕಲ್ ಆದ ಮೇಲೂ ತಡೆಯುವ ತಂಡ 10 ಮೀಟರ್ ಹಿಂದೆ ಸರಿದು, ಮೈದಾನದ ಅಡ್ಡಕ್ಕೂ ಸಾಲುಗಟ್ಟಿ ನಿಂತು, ಮತ್ತೆ ಒಟ್ಟಿಗೆ ಮುನ್ನುಗ್ಗಬೇಕು. ಹಿಂದೆ ಓಡು, ತಿರುಗು, ಮುಂದೆ ಓಡು, ನೂರು ಕಿಲೋ ತೂಗುವವನನ್ನು ಕೆಡವು, ಎದ್ದು ಮತ್ತೆ ಹಿಂದೆ ಓಡು. ಮೈದಾನದ ಅಗಲ 68 ಮೀಟರ್. ಒಬ್ಬ ಹೋದರೆ ಆ ಅಗಲ ಕಿರಿದಾಗುವುದಿಲ್ಲ, ಅವನ ಪಾಲಿನ ಓಟ ಉಳಿದವರ ಕಾಲಿಗೆ ಬೀಳುತ್ತದೆ. ನಮ್ಮ ಕಬಡ್ಡಿಯಲ್ಲಿ ಔಟಾದವನನ್ನು ಜೊತೆಗಾರರು ಪಾಯಿಂಟ್ ಗಳಿಸಿ ಮತ್ತೆ ಅಂಗಣಕ್ಕೆ ಕರೆತರಬಹುದು. ರಗ್ಬಿ ಲೀಗ್‌ನಲ್ಲಿ ಆ ದಾರಿಯಿಲ್ಲ. ಸಿನ್-ಬಿನ್‌ಗೆ ಹೋದವನು 10 ನಿಮಿಷ ಬರುವಂತಿಲ್ಲ, ಪೂರ್ತಿ ಹೊರಹಾಕಲ್ಪಟ್ಟವನು ಆ ಪಂದ್ಯಕ್ಕೆ ಮರಳುವುದೇ ಇಲ್ಲ.

ಆದ್ದರಿಂದ ಈ ಆಟದಲ್ಲಿ ಶಿಸ್ತೆಂದರೆ ಬರೀ ಒಳ್ಳೆಯ ನಡತೆಯಲ್ಲ. ಜೊತೆಯವರ ಉಸಿರನ್ನು ಉಳಿಸುವ ಕೆಲಸ ಅದು. ಹೊಡೆಯಬೇಕು ಎಂದುಕೊಂಡೇ ಹೊಡೆಯುವವರು ಕಡಿಮೆ. ಅರವತ್ತನೇ ನಿಮಿಷದ ಹೊತ್ತಿಗೆ ತೊಡೆ ಸೋತಿರುತ್ತದೆ, ಮೊಣಕಾಲು ಬಗ್ಗುವುದಿಲ್ಲ, ಸೊಂಟಕ್ಕೆ ಹಾಕಬೇಕಾದ ಕೈ ಕತ್ತಿನ ಮಟ್ಟಕ್ಕೆ ಏರುತ್ತದೆ. ಹತ್ತು ಮೀಟರ್ ಹಿಂದೆ ಹೋಗಬೇಕಾದವನು ಎಂಟಕ್ಕೇ ನಿಂತುಬಿಡುತ್ತಾನೆ. ರೆಫರಿ ಪೆನಾಲ್ಟಿ ಕೊಡುತ್ತಾರೆ. ದಣಿದಾಗ ಒಬ್ಬ ಆಟಗಾರ ಏನು ಮಾಡುತ್ತಾನೆ ಎಂಬುದು ಆ ಕ್ಷಣಕ್ಕೆ ಹುಟ್ಟುವ ಸಂಗತಿಯಲ್ಲ. ಕ್ಲಬ್ ಪಂದ್ಯಗಳಲ್ಲಿ ವಾರವಾರವೂ ಕಣ್ಣಿಗೆ ಕಾಣುವಂತೆ ನಡೆಯುತ್ತಿರುತ್ತದೆ. ಆಯ್ಕೆಗಾರರ ಕೆಲಸ ಅದನ್ನು ನೋಡುವುದು.

ಅವರು ನೋಡುವುದಿಲ್ಲವೆಂದಲ್ಲ. ನೋಡಿಯೂ ಆರಿಸುತ್ತಾರೆ, ಏಕೆಂದರೆ ಅವರಿಗೆ ಆ ಬಿಸಿ ಬೇಕಾಗಿರುತ್ತದೆ. ಮೋರ್ಲಿ ಆಗ ಆಡುತ್ತಿದ್ದುದು ಸಿಡ್ನಿ ರೂಸ್ಟರ್ಸ್ ಪರ. 2002ರಲ್ಲಿ ಆ ತಂಡ ಚಾಂಪಿಯನ್ ಆದಾಗ ಅವರು ಅದರ ಬೆನ್ನೆಲುಬಾಗಿದ್ದರು. ಅಪಾಯಕಾರಿ ಟ್ಯಾಕಲ್‌ಗಳಿಗಾಗಿ ಒಂದಕ್ಕಿಂತ ಹೆಚ್ಚು ಸಲ ನಿಷೇಧ ಅನುಭವಿಸಿದವರೂ ಹೌದು. ಅಂಥವರನ್ನು ಟೆಸ್ಟ್ ಪಂದ್ಯದ ಮೊದಲ ಟ್ಯಾಕಲ್‌ಗೆ ಮುಂದೆ ಬಿಡುವುದರ ಉದ್ದೇಶವೇ ಎದುರಾಳಿಗೆ ನಡುಕ ಹುಟ್ಟಿಸುವುದು. ಆ ಹೊಡೆತ ಒಂದು ಗೇಣು ಕೆಳಗೆ ಬಿದ್ದಿದ್ದರೆ ಕ್ರೀಡಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಉಗ್ರತೆಯನ್ನು ಬೇಕೆಂದೇ ತಂಡಕ್ಕೆ ತಂದು, ಅದು ಗೇಣು ಮೇಲೇರಿದಾಗ ಆಟಗಾರನನ್ನು ಒಂಟಿಯಾಗಿ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ.

ಹಾಗೆಂದು ಆಟಗಾರನನ್ನು ಪೂರ್ತಿ ಬಿಟ್ಟುಬಿಡಲೂ ಬರುವುದಿಲ್ಲ. 2014ರ ಅಕ್ಟೋಬರಿನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡಿನ ಕ್ಲಬ್ ಟೂರ್ನಿ ಸೂಪರ್ ಲೀಗ್‌ನ ಫೈನಲ್ ನಡೆಯಿತು. ಎರಡನೇ ನಿಮಿಷದಲ್ಲೇ ವಿಗನ್ ತಂಡದ ಬೆನ್ ಫ್ಲವರ್, ಸೇಂಟ್ ಹೆಲೆನ್ಸ್‌ನ ಲ್ಯಾನ್ಸ್ ಹೊಹಾಯಾ ಅವರ ಮುಖಕ್ಕೆ ಗುದ್ದಿದರು. ಹೊಹಾಯಾ ಪ್ರಜ್ಞೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದಾಗ ಇನ್ನೊಮ್ಮೆ ಗುದ್ದಿದರು. ಸೂಪರ್ ಲೀಗ್ ಫೈನಲ್‌ನಲ್ಲಿ ಹೊರಹಾಕಲ್ಪಟ್ಟ ಮೊದಲ ಆಟಗಾರ ಫ್ಲವರ್. ಆರು ತಿಂಗಳ ನಿಷೇಧವಾಯಿತು, ವಿಗನ್ 14-6ರಲ್ಲಿ ಸೋತಿತು. ಆ ಎರಡನೇ ಗುದ್ದಿನ ಹೊಣೆಯನ್ನು ಯಾವ ಆಯ್ಕೆ ಸಮಿತಿಯ ತಲೆಗೂ ಕಟ್ಟಲಾಗದು. ಬಿದ್ದವನ ಮಿದುಳು ಸ್ಕೋರ್‌ಬೋರ್ಡಿಗಿಂತ ದೊಡ್ಡದು. ಮನುಷ್ಯ ತನ್ನ ಕೈಗೆ ತಾನೇ ಉತ್ತರ ಕೊಡಬೇಕಾದ ಜಾಗ ಒಂದಿದೆ, ಇದು ಆ ಜಾಗ. ನಾನು ಹೇಳುತ್ತಿರುವುದು ಇಂಥ ಅಪರೂಪದ ಕ್ರೌರ್ಯದ ಮಾತಲ್ಲ. ಪ್ರತಿ ಪಂದ್ಯದಲ್ಲೂ ಹತ್ತಾರು ಸಲ ಆಗುವ ಸಣ್ಣ ತಪ್ಪುಗಳ, ಅವುಗಳಿಂದ ಸೋಲುವ ತಂಡಗಳ ಮಾತು.

ಆಯ್ಕೆಯಲ್ಲಿ ಹೆಸರಿಗಿಂತ ದುಡಿಮೆಗೆ ಬೆಲೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 1995ರ ಕ್ವೀನ್ಸ್‌ಲ್ಯಾಂಡ್ ತಂಡವನ್ನು ನೋಡಬೇಕು. ಆಸ್ಟ್ರೇಲಿಯಾದಲ್ಲಿ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವೆ ವರ್ಷವರ್ಷವೂ ನಡೆಯುವ ಮೂರು ಪಂದ್ಯಗಳ ‘ಸ್ಟೇಟ್ ಆಫ್ ಆರಿಜಿನ್’ ಸರಣಿ ಈ ಆಟದ ಅತಿ ದೊಡ್ಡ ಹಬ್ಬ. ಆ ವರ್ಷ ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಅವರ ಕಂಪನಿ ಆಸ್ಟ್ರೇಲಿಯಾದಲ್ಲಿ ‘ಸೂಪರ್ ಲೀಗ್’ ಎಂಬ ಹೊಸ ಟೂರ್ನಿಗೆ ಆಟಗಾರರನ್ನು ಸೆಳೆಯತೊಡಗಿತ್ತು. ಅದರ ಕರಾರಿಗೆ ಸಹಿ ಹಾಕಿದವರನ್ನು ಹಳೆಯ ಮಂಡಳಿ ಆರಿಜಿನ್ ಆಯ್ಕೆಯಿಂದ ದೂರವಿಟ್ಟಿತು. ಬ್ರಿಸ್ಬೇನ್ ಬ್ರಾಂಕೋಸ್ ಕ್ಲಬ್ ಹೊಸ ಪಾಳೆಯಕ್ಕೆ ಹೋಗಿತ್ತು. ಹಾಗಾಗಿ ಅಲನ್ ಲ್ಯಾಂಗರ್ ಅವರಂಥ ತಾರೆಗಳೂ ಇಲ್ಲ, ಕೋಚ್ ವೇಯ್ನ್ ಬೆನೆಟ್ ಅವರೂ ಇಲ್ಲ. ಹೊಸ ಕೋಚ್ ಪಾಲ್ ವಾಟಿನ್ ಅವರ ಕೈಗೆ ಬಂದದ್ದು ಪತ್ರಿಕೆಗಳು ಹೆಸರಿಲ್ಲದವರೆಂದು ಕರೆದ ತಂಡ. ಅದರಲ್ಲಿ 18 ವರ್ಷದ ಹುಡುಗ ಬೆನ್ ಇಕಿನ್ ಕೂಡ ಇದ್ದರು.

ಸಿಡ್ನಿಯ ಮೊದಲ ಪಂದ್ಯವನ್ನು ಕ್ವೀನ್ಸ್‌ಲ್ಯಾಂಡ್ 2-0ರಿಂದ ಗೆದ್ದಿತು. ಎರಡೂ ಕಡೆಯಿಂದ ಒಂದೇ ಒಂದು ಟ್ರೈ ಇಲ್ಲ. ನ್ಯೂ ಸೌತ್ ವೇಲ್ಸ್ ಮಾಡಿದ ಒಂದು ತಪ್ಪಿಗೆ ಸಿಕ್ಕ ಪೆನಾಲ್ಟಿಯನ್ನು ವೇಯ್ನ್ ಬಾರ್ಟ್ರಿಮ್ ಗೋಲಿಗೆ ಒದ್ದರು, ಬಂದ ಪಾಯಿಂಟು ಅಷ್ಟೇ. ಒಂದು ಪೆನಾಲ್ಟಿ ಒಂದು ಪಂದ್ಯದ ಬೆಲೆ ಬಾಳಿತು. ಮೆಲ್ಬರ್ನಿನಲ್ಲಿ 20-12, ಬ್ರಿಸ್ಬೇನಿನಲ್ಲಿ 24-16 ಆಗಿ ಸರಣಿ 3-0ಕ್ಕೆ ಮುಗಿಯಿತು. ಇದನ್ನು ಸಾಧುಗಳ ತಂಡದ ಕಥೆಯಾಗಿ ಹೇಳಿದರೆ ಸುಳ್ಳಾಗುತ್ತದೆ. ಮೆಲ್ಬರ್ನಿನ ಪಂದ್ಯ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಎರಡೂ ಕಡೆಯವರು ಸೇರಿ ಭಾರೀ ಹೊಡೆದಾಟವಾಯಿತು, ಕ್ವೀನ್ಸ್‌ಲ್ಯಾಂಡಿನವರು ಅದರಲ್ಲಿ ಹಿಂದೆ ಬೀಳಲಿಲ್ಲ. ಆದರೆ ಹೊಡೆದಾಟ ಮುಗಿದ ಮೇಲೆ ಆ ಹದಿಮೂರು ಮಂದಿ ಮತ್ತೆ ಸಾಲಿಗೆ ಬಂದು ನಿಂತರು. ಗ್ಯಾರಿ ಲಾರ್ಸನ್, ಬಿಲ್ಲಿ ಮೂರ್ ಅಂಥವರನ್ನು ತಂಡಕ್ಕೆ ತೆಗೆದುಕೊಂಡಿದ್ದೇ ಅದಕ್ಕಾಗಿ. ಟ್ಯಾಕಲ್ ಮಾಡಿ ಎದ್ದು ಮತ್ತೆ ಸಾಲು ಸೇರುವುದೇ ಅವರ ಕಸುಬು.

ನಾಯಕ ಟ್ರೆವರ್ ಗಿಲ್‌ಮೈಸ್ಟರ್ ಮೂರನೇ ಪಂದ್ಯಕ್ಕೆ ಮುನ್ನ ಸೋಂಕಿನಿಂದ ಆಸ್ಪತ್ರೆ ಸೇರಿದ್ದರು. ವೈದ್ಯರ ಮಾತು ಮೀರಿ ಹಾಸಿಗೆಯಿಂದೆದ್ದು ಬಂದು ಆಡಿದರು. ಇದನ್ನು ನಾಯಕತ್ವದ ಪರಾಕಾಷ್ಠೆ ಎಂದು ಹೊಗಳುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಹಾಗನ್ನಿಸುವುದಿಲ್ಲ. ಅದು ಧೈರ್ಯ, ಅನುಮಾನವಿಲ್ಲ. ಆದರೆ ನಾಯಕತ್ವವನ್ನು ಹುಡುಕಬೇಕಾದ ಜಾಗ ಬೇರೆ.

ಆ ಜಾಗವನ್ನು ಈಗಿನ ಒಂದು ನಿಯಮ ಚೆನ್ನಾಗಿ ತೋರಿಸುತ್ತದೆ. ಆಸ್ಟ್ರೇಲಿಯಾದ ಕ್ಲಬ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ 2020ರಿಂದ ನಾಯಕನಿಗೆ ರೆಫರಿಯ ತೀರ್ಪನ್ನು ಪ್ರಶ್ನಿಸುವ ಅವಕಾಶ ಕೊಟ್ಟಿದ್ದಾರೆ. ಹತ್ತೇ ಸೆಕೆಂಡಿನಲ್ಲಿ ನಿರ್ಧರಿಸಬೇಕು. ಪ್ರಶ್ನೆ ಸರಿಯಾದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಆ ಪಂದ್ಯಕ್ಕೆ ಅದು ಹೋದಂತೆಯೇ. ಈಗ ಮೈದಾನದ ನಡುವೆ ಏನಾಗುತ್ತದೆ ನೋಡಿ. ಚೆಂಡು ಕೈಜಾರಿದವನು ‘ನಾನು ಬಿಟ್ಟಿಲ್ಲ, ಅವನು ಕಿತ್ತುಕೊಂಡ’ ಎಂದು ಕೈಯೆತ್ತಿ ಕೂಗುತ್ತಾನೆ. ನಾಯಕ ಏದುಸಿರು ಬಿಡುತ್ತ ಇಪ್ಪತ್ತು ಮೀಟರ್ ಆಚೆ ನಿಂತಿರುತ್ತಾನೆ, ಏನನ್ನೂ ಕಂಡಿರುವುದಿಲ್ಲ. ಅವನಿಗಿರುವ ಆಧಾರವೆಂದರೆ ಕೂಗುತ್ತಿರುವವನ ಮುಖವೊಂದೇ. ಇವನು ನಿಜ ಹೇಳುವವನೋ, ಮಾನ ಉಳಿಸಿಕೊಳ್ಳಲು ಕೂಗುವವನೋ? ಆ ಹತ್ತು ಸೆಕೆಂಡಿನಲ್ಲಿ ನಾಯಕನನ್ನು ಕಾಯುವುದು ಅವನ ಶೌರ್ಯವಲ್ಲ, ತಂಡದೊಳಗಿನ ಪ್ರಾಮಾಣಿಕತೆ. ತಪ್ಪು ಮಾಡಿದವನು ‘ನನ್ನದೇ ತಪ್ಪು, ಕೇಳಬೇಡ’ ಎನ್ನಬಲ್ಲ ತಂಡವನ್ನು ನಾಯಕನೊಬ್ಬನೇ ಕಟ್ಟಲಾರ. ಅಂಥವರನ್ನು ಆರಿಸಿ ಕೊಟ್ಟಿರಬೇಕು.

ನಾಯಕನೇ ಶಿಸ್ತು ತಪ್ಪಿದರೆ? 2008ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡದ ನಾಯಕ ಕ್ಯಾಮರಾನ್ ಸ್ಮಿತ್, ಬ್ರಾಂಕೋಸ್ ವಿರುದ್ಧದ ನಾಕೌಟ್ ಪಂದ್ಯದಲ್ಲಿ ಸ್ಯಾಮ್ ಥಾಯ್ಡೆ ಅವರ ತಲೆ-ಕತ್ತನ್ನು ಹಿಡಿದು ತಿರುಚಿದ ಟ್ಯಾಕಲ್‌ಗಾಗಿ ಎರಡು ಪಂದ್ಯಗಳ ನಿಷೇಧಕ್ಕೊಳಗಾದರು. ಅದರಲ್ಲಿ ಎರಡನೆಯದು ಫೈನಲ್. ಸ್ಮಿತ್ ಇಲ್ಲದ ಮೆಲ್ಬರ್ನ್, ಮ್ಯಾನ್ಲಿ ಎದುರು 40-0ರಲ್ಲಿ ನೆಲಕಚ್ಚಿತು. ಸ್ಮಿತ್ ಮುಂಗೋಪಿಯಲ್ಲ, ಆ ಪೀಳಿಗೆಯ ಅತಿ ತಣ್ಣನೆಯ ತಲೆಯ ಆಟಗಾರ. ಎದುರಾಳಿ ಬೇಗ ಎದ್ದು ಚೆಂಡು ಆಡದಂತೆ ಅವನನ್ನು ನೆಲದ ಮೇಲೆ ಹಿಡಿದಿಡುವ ಕುಸ್ತಿಯ ಪಟ್ಟುಗಳನ್ನು ಅಭ್ಯಾಸ ಮಾಡಿಸುವುದರಲ್ಲಿ ಮೆಲ್ಬರ್ನ್ ಆಗ ಎಲ್ಲರಿಗಿಂತ ಮುಂದಿತ್ತು. ಅಂದರೆ ಸ್ಮಿತ್ ಮಾಡಿದ್ದು ತಂಡ ಕಲಿಸಿದ್ದನ್ನೇ, ಒಂದು ಹೆಜ್ಜೆ ಹೆಚ್ಚಾಗಿ. ನಿಯಮದ ಗೆರೆಯ ಮೇಲೆಯೇ ನಿತ್ಯ ತಾಲೀಮು ಮಾಡಿಸುವ ಕೋಚ್, ಗೆರೆ ದಾಟಿದ ದಿನ ಆಟಗಾರನೊಡನೆ ತಾನೂ ದಾಟಿದ್ದೇನೆಂದು ಒಪ್ಪಬೇಕು. ಮೆಲ್ಬರ್ನ್ ಆಗ ಮಾಡಿದ್ದು ಶಿಕ್ಷೆ ಕೊಟ್ಟವರನ್ನು ದೂರುವ ಕೆಲಸ, ಅದಕ್ಕಾಗಿ ದಂಡವನ್ನೂ ತೆತ್ತಿತು.

ಆಯ್ಕೆ, ನಾಯಕತ್ವ, ಶಿಸ್ತು ಮೂರೂ ಒಂದೇ ಸರಣಿಯಲ್ಲಿ ಹೆಣೆದುಕೊಂಡದ್ದು 2024ರ ಆರಿಜಿನ್‌ನಲ್ಲಿ. ನ್ಯೂ ಸೌತ್ ವೇಲ್ಸ್‌ನ ಹೊಸ ಕೋಚ್ ಮೈಕಲ್ ಮೆಗೈರ್ ನಾಯಕತ್ವವನ್ನು ಜೇಕ್ ಟ್ರಬೊಯೆವಿಚ್ ಅವರಿಗೆ ಕೊಟ್ಟರು. ಕಣ್ಣು ಕೋರೈಸುವ ಆಟ ಅವರದಲ್ಲ. ಟ್ಯಾಕಲ್ ಮೇಲೆ ಟ್ಯಾಕಲ್ ಮಾಡುತ್ತ, ದೂರದ ಆಸನದಿಂದ ಯಾರೂ ಗಮನಿಸದ ಕೆಲಸ ಮಾಡುವವರು. ಅದೇ ತಂಡದಲ್ಲಿ ಸೆಂಟರ್ ಸ್ಥಾನಕ್ಕೆ 20 ವರ್ಷದ ಜೋಸೆಫ್ ಸುವಾಲಿ ಅವರಿಗೆ ಮೊದಲ ಅವಕಾಶ ಸಿಕ್ಕಿತು. ಎತ್ತರದ ನಿಲುವು, ಅಪಾರ ಪ್ರತಿಭೆ. ಸಿಡ್ನಿಯ ಮೊದಲ ಪಂದ್ಯ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಓಡಿಬಂದ ರೀಸ್ ವಾಲ್ಷ್ ಅವರ ತಲೆಗೆ ಸುವಾಲಿ ಡಿಕ್ಕಿ ಹೊಡೆದರು. ವಾಲ್ಷ್ ಮತ್ತೆ ಆಡಲಾಗಲಿಲ್ಲ, ಸುವಾಲಿ ಹೊರಗೆ ನಡೆದರು, ನ್ಯೂ ಸೌತ್ ವೇಲ್ಸ್ 38-10ರಲ್ಲಿ ಸೋತಿತು.

ಇಂಥ ಸೋಲಿನ ಮರುದಿನ ನಾಯಕನನ್ನು ಬದಲಿಸುವುದು ಸುಲಭದ ದಾರಿ. ಮೆಗೈರ್ ಬದಲಿಸಲಿಲ್ಲ. ಹಾಫ್‌ಬ್ಯಾಕ್ ಸ್ಥಾನಕ್ಕೆ ಮಿಚೆಲ್ ಮೋಸೆಸ್, ಸುವಾಲಿ ಜಾಗಕ್ಕೆ ಲಟ್ರೆಲ್ ಮಿಚೆಲ್ ಬಂದರು, ಟ್ರಬೊಯೆವಿಚ್ ನಾಯಕರಾಗಿಯೇ ಉಳಿದರು. ಮೆಲ್ಬರ್ನಿನಲ್ಲಿ ವಿರಾಮದ ಹೊತ್ತಿಗೆ 34-0 ಮುನ್ನಡೆ, ಕೊನೆಗೆ 38-18. ಬ್ರಿಸ್ಬೇನಿನ ಮೂರನೇ ಪಂದ್ಯ 14-4. ಸರಣಿ ನಿರ್ಣಾಯಕ ಪಂದ್ಯವೊಂದನ್ನು ನ್ಯೂ ಸೌತ್ ವೇಲ್ಸ್ ಅಲ್ಲಿ ಗೆದ್ದದ್ದು 2005ರ ನಂತರ ಅದೇ ಮೊದಲು. ಎದುರಾಳಿಯ ಊರಿನಲ್ಲಿ, ಕಿವಿಗಡಚಿಕ್ಕುವ ಗದ್ದಲದ ನಡುವೆ, ಕ್ವೀನ್ಸ್‌ಲ್ಯಾಂಡಿಗೆ 80 ನಿಮಿಷದಲ್ಲಿ ಬರೀ ನಾಲ್ಕು ಪಾಯಿಂಟು ಬಿಟ್ಟುಕೊಟ್ಟರು. ಅದನ್ನು ಪ್ರತಿಭೆಯೊಂದೇ ಮಾಡಲಾರದು. ದಣಿದ ಮೇಲೂ ಹತ್ತು ಮೀಟರ್ ಹಿಂದೆ ಓಡುವವರು ಬೇಕು.

ಸುವಾಲಿ ಅವರ ವಿಷಯ ಇನ್ನೂ ನನ್ನನ್ನು ಕಾಡುತ್ತದೆ. ನಾಲ್ಕು ಪಂದ್ಯಗಳ ನಿಷೇಧ ಬಿತ್ತು, ಆ ಋತು ಮುಗಿದ ಮೇಲೆ ಮೊದಲೇ ನಿಗದಿಯಾಗಿದ್ದಂತೆ ರಗ್ಬಿಯ ಇನ್ನೊಂದು ರೂಪವಾದ ರಗ್ಬಿ ಯೂನಿಯನ್‌ಗೆ ಹೋದರು. ಆರಿಜಿನ್‌ನಲ್ಲಿ ಅವರು ಆಡಿದ್ದು ಆ ಕೆಲವೇ ನಿಮಿಷ. ಇಪ್ಪತ್ತರ ಹುಡುಗನನ್ನು ಅಷ್ಟು ದೊಡ್ಡ ರಾತ್ರಿ ಮೈದಾನಕ್ಕೆ ಇಳಿಸುವವರು ಅವನ ವೇಗ ಅಳೆದಿರುತ್ತಾರೆ, ಜಿಗಿತ ಅಳೆದಿರುತ್ತಾರೆ. ಎದೆ ಡವಗುಟ್ಟುವಾಗ ಅವನ ಭುಜ ಯಾವ ಎತ್ತರಕ್ಕೆ ಏರುತ್ತದೆ ಎಂಬುದನ್ನೂ ನೋಡಿರಬೇಕು. ಎತ್ತರದ ಆಟಗಾರ ಕುಳ್ಳಗಿನವನನ್ನು ತಡೆಯಲು ಎಷ್ಟು ಬಗ್ಗಬೇಕೆಂಬುದನ್ನು ತಾಲೀಮಿನಲ್ಲಿ ನೂರು ಸಲ ಮಾಡಿಸಿರಬೇಕು. ಆಯ್ಕೆಗಾರರಿಗೆ ನನ್ನದೊಂದು ಕೇಳಿಕೆ ಇದೆ. ಆಟಗಾರ ಗಳಿಸಿದ ಟ್ರೈಗಳ ವಿಡಿಯೊ ಪಕ್ಕಕ್ಕಿಡಿ. ಅವನ ಕ್ಲಬ್ ಪಂದ್ಯಗಳಲ್ಲಿ 60ರಿಂದ 80ನೇ ನಿಮಿಷದವರೆಗಿನ ಆಟವನ್ನು, ಚೆಂಡು ಅವನ ಹತ್ತಿರ ಇಲ್ಲದಾಗಿನ ಆಟವನ್ನು ನೋಡಿ. ಅದನ್ನು ನೋಡಿ ಆರಿಸಿದವನು ಒಮ್ಮೆ ಎಡವಿದರೆ ಕೈಬಿಡಬೇಡಿ. ಸುವಾಲಿ ರಗ್ಬಿ ಲೀಗ್‌ನಲ್ಲೇ ಉಳಿದಿದ್ದರೆ, ನಿಷೇಧ ಮುಗಿದ ಮೇಲಿನ ಆರಿಜಿನ್ ಪಟ್ಟಿಯಲ್ಲಿ ಅವರ ಹೆಸರು ಇರಬೇಕೆಂದು ನಾನು ವಾದಿಸುತ್ತಿದ್ದೆ.