‘ಬೀಳಿದೆ’ ಎಂದಳು ಮಗಳು, ನಕ್ಕೆವು ನಾವು



ಕಳೆದ ಚಳಿಗಾಲದ ಒಂದು ಶುಕ್ರವಾರ ಮನೆಮಂದಿಯೆಲ್ಲ ಕುರುಮ್ ಬೀಚಿಗೆ ಹೋಗಿದ್ದೆವು. ರಾತ್ರಿ ಎಂದಿನಂತೆ ತೀರ್ಥಹಳ್ಳಿಗೆ ಫೋನು. ಏಳು ವರ್ಷದ ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಒಂದೇ ಉಸಿರಿನಲ್ಲಿ ಶುರು ಮಾಡಿದಳು: "ಅಜ್ಜೀ, ದೊಡ್ಡ ಅಲೆ ಬರಿತು. ನಾನು ಬೀಳಿದೆ. ಆಮೇಲೆ ತುಂಬಾ ಅಳಿದೆ!"

ಆ ಕಡೆ ಫೋನು ಸ್ಪೀಕರಿನಲ್ಲಿತ್ತು. ಅಣ್ಣನ ಮಕ್ಕಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಳಿದೆ ಅಂದ್ರೆ ಸತ್ತುಹೋದೆ ಅಂತ ಕಣೇ! ಸತ್ತವಳು ಹೇಗೆ ಫೋನ್ ಮಾಡ್ತಿದೀಯಾ?" ಈ ಕಡೆ ನಾನೂ ನಕ್ಕೆ, ನನ್ನಾಕೆಯೂ ನಕ್ಕಳು. ನಗದೆ ಇದ್ದವಳು ಅಮ್ಮ ಒಬ್ಬಳೇ. ಮಗಳು ಫೋನು ನನ್ನ ಕೈಗಿಟ್ಟು ಒಳಗೆ ಹೋದಳು.

ಅದಾದ ಮೇಲೆ ಎರಡು ತಿಂಗಳು ಅಜ್ಜಿಯ ಜೊತೆ ಅವಳ ಮಾತು "ಹಾಯ್ ಅಜ್ಜಿ, ಊಟ ಆಯ್ತಾ? ಬೈ ಅಜ್ಜಿ" ಎಂಬಲ್ಲಿಗೆ ಮುಗಿಯುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. "ಮಗು ಯಾಕೋ ಮಾತೇ ಆಡೋಲ್ಲವಲ್ಲೋ, ಹುಷಾರಿಲ್ವಾ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಭಾಷಾ ಪಂಡಿತನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವ ಇಂಜಿನಿಯರು. ತಪ್ಪಿದ್ದರೆ ಬಲ್ಲವರು ತಿದ್ದಿ.

ಮೊದಲು ಮಗಳ ‘ತಪ್ಪನ್ನು’ ನೋಡೋಣ. ಮಾಡು–ಮಾಡಿದೆ, ಓಡು–ಓಡಿದೆ, ಹೇಳು–ಹೇಳಿದೆ, ಕೇಳು–ಕೇಳಿದೆ. ಹಾಗಿದ್ದ ಮೇಲೆ ಬೀಳು–ಬೀಳಿದೆ ಏಕಾಗಬಾರದು? ಅವಳಿಗೆ ‘ಬೀಳಿದೆ’ ಎಂದು ಯಾರೂ ಹೇಳಿಕೊಟ್ಟಿಲ್ಲ. ಯಾರ ಬಾಯಲ್ಲೂ ಕೇಳದ ಪದವನ್ನು ಅವಳೇ ತಯಾರಿಸಿದ್ದಾಳೆ. ಕೊಟ್ಟ ಡೇಟಾದಿಂದ ನಿಯಮ ಕಂಡುಹಿಡಿದು ಹೊಸ ಪದಕ್ಕೆ ಹಚ್ಚಿದ್ದಾಳೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ಸಂಶೋಧಕಿ ಪುಟ್ಟ ಮಕ್ಕಳಿಗೆ ತಾನೇ ಕಲ್ಪಿಸಿದ ಒಂದು ಪ್ರಾಣಿಯ ಚಿತ್ರ ತೋರಿಸಿ, "ಇದು ವಗ್. ಈಗ ಇಂಥವು ಎರಡಿವೆ, ಏನನ್ನುತ್ತೀರಿ?" ಎಂದು ಕೇಳಿದರು. ಮಕ್ಕಳು "ವಗ್ಸ್" ಎಂದರು. ಮಕ್ಕಳು ಗಿಳಿಪಾಠ ಒಪ್ಪಿಸುವುದಿಲ್ಲ, ನಿಯಮ ಕಟ್ಟಿಕೊಳ್ಳುತ್ತಾರೆ ಎನ್ನುವುದಕ್ಕೆ ಅದು ಸಾಕ್ಷಿ. ಇಂಗ್ಲಿಷ್ ಮಕ್ಕಳು ‘ವೆಂಟ್’ ಬದಲು ‘ಗೋಡ್’ ಎನ್ನುವುದೂ ಇದೇ ಲೆಕ್ಕ. ನಾವು ನಕ್ಕದ್ದು ಮಗುವಿನ ಬುದ್ಧಿಯನ್ನು ನೋಡಿ!

ಅವಳು ಶಾಲೆಯಲ್ಲಿ ಕಲಿಯುತ್ತಿರುವ ಅರಬ್ಬಿಯಲ್ಲೂ ಈ ತೊಡಕಿದೆ. ‘ಕತಬ’ ಎಂದರೆ ಬರೆದ, ‘ಕತಬ್ತು’ ಎಂದರೆ ಬರೆದೆ. ಆದರೆ ‘ಕಾಲ’ ಎಂದರೆ ಹೇಳಿದ, ‘ಹೇಳಿದೆ’ ಎನ್ನಲು ‘ಕಾಲ್ತು’ ಎನ್ನುವಂತಿಲ್ಲ, ‘ಕುಲ್ತು’ ಎನ್ನಬೇಕು. ಇಂಥ ಕ್ರಿಯಾಪದಗಳಿಗೆ ಅರಬ್ಬಿ ವೈಯಾಕರಣರು ‘ಕಾಯಿಲೆ ಬಿದ್ದವು’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಇಟಾಲಿಯನ್ನಿನಲ್ಲಿ ‘ಅಂದಾರೆ’ ಎಂದರೆ ಹೋಗುವುದು, ‘ಅಂದ್ಯಾಮೊ’ ಎಂದರೆ ಹೋಗುತ್ತೇವೆ, ಆದರೆ ‘ಹೋಗುತ್ತೇನೆ’ ಎನ್ನಲು ಎಲ್ಲಿಂದಲೋ ‘ವಾದೊ’ ಬಂದು ಕೂರುತ್ತದೆ. ಬರು, ಹೋಗು, ಕೊಡು, ಹೇಳು... ದಿನಕ್ಕೆ ನೂರು ಸಲ ಬಳಸುವ ಮಾತುಗಳೇ ಎಲ್ಲ ಭಾಷೆಗಳಲ್ಲೂ ಹೆಚ್ಚಾಗಿ ನಿಯಮ ಮೀರುವಂಥವು. ಕಾರಣ ಸರಳ. ದಿನವೂ ಕಿವಿಗೆ ಬೀಳುವ ರೂಪ ನೆನಪಿನಲ್ಲಿ ನಿಲ್ಲುತ್ತದೆ, ನಿಯಮದ ಆಸರೆ ಅದಕ್ಕೆ ಬೇಕಾಗುವುದಿಲ್ಲ. ಅಪರೂಪಕ್ಕೆ ಕೇಳುವ ರೂಪ ಮರೆತುಹೋಗುತ್ತದೆ.

ಒಂದು ರಾತ್ರಿ ಕನ್ನಡದ ಇಂಥ ಕ್ರಿಯಾಪದಗಳನ್ನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡುತ್ತ ಕೂತೆ. ಆಗ ಒಂದು ಸೋಜಿಗ ಕಂಡಿತು. ಇವು ಪುಂಡ ಹುಡುಗರಲ್ಲ, ಒಂದೊಂದು ಮನೆತನಕ್ಕೆ ಸೇರಿದವು. ಕೊಡು, ಇಡು, ಬಿಡು, ಸುಡು, ನೆಡು, ಉಡು, ತೊಡು: ಎಲ್ಲದರ ಮೊದಲ ಅಕ್ಷರ ಹ್ರಸ್ವ, ಎಲ್ಲಕ್ಕೂ ‘ಟ್ಟ’. ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ, ನೆಟ್ಟ, ಉಟ್ಟ, ತೊಟ್ಟ. ಮೊದಲಕ್ಷರ ದೀರ್ಘವಾದರೆ ಮಾಡಿದ, ಹಾಡಿದ, ನೋಡಿದ, ಬೇಡಿದ. ನಗು–ನಕ್ಕ, ಸಿಗು–ಸಿಕ್ಕ, ಹೊಗು–ಹೊಕ್ಕ. ಆದರೆ ಕೂಗು–ಕೂಗಿದ, ತೂಗು–ತೂಗಿದ. ನೋಯು–ನೊಂದ, ಬೇಯು–ಬೆಂದ, ಮೀಯು–ಮಿಂದ. ಶಾಲೆಯಲ್ಲಿ ಹತ್ತು ವರ್ಷ ಕನ್ನಡ ಓದಿದ ನನಗೆ ಇದು ಹೊಳೆದದ್ದು ಮಸ್ಕತ್‌ನಲ್ಲಿ, ಮಧ್ಯರಾತ್ರಿ!

ನಮ್ಮ ಹಿರಿಯರು ಇದನ್ನೆಲ್ಲ ಎಂದೋ ನೋಡಿದ್ದಾರೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೊಂದು, ಧಾತುವಿಗೊಂದು ಎಂದು ಪ್ರತ್ಯೇಕ ಪ್ರಕರಣಗಳನ್ನೇ ಬರೆದ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದವರು ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್. 1894ರಲ್ಲಿ ನಿಘಂಟು, 1903ರಲ್ಲಿ ಕನ್ನಡ ವ್ಯಾಕರಣ ಕೊಟ್ಟವರೂ ಅವರೇ. ಕನ್ನಡ ಅವರ ತಾಯಿನುಡಿಯಲ್ಲ. 1853ರಲ್ಲಿ ನಮ್ಮ ನೆಲಕ್ಕೆ ಬಂದಾಗ ಅವರಿಗೆ ಇಪ್ಪತ್ತು ದಾಟಿತ್ತು. ಅವರೂ ಮೊದಮೊದಲು ‘ಬೀಳಿದೆ’ ಎಂದಿರಬಹುದೇನೋ! ನಕ್ಕು ಬಾಯಿ ಮುಚ್ಚಿಸುವವರು ಸಿಗದಿದ್ದುದು ನಮ್ಮ ಪುಣ್ಯ.

ನಮ್ಮ ಬಿಲ್ಡಿಂಗಿನಲ್ಲಿ ತಮಿಳರೂ ಮಲಯಾಳಿಗಳೂ ಇದ್ದಾರೆ. ನಮ್ಮ ‘ಬಂದೆ, ಕಂಡೆ’ ತಮಿಳರಿಗೆ ‘ವಂದೇನ್, ಕಂಡೇನ್’, ಮಲಯಾಳಿಗಳಿಗೆ ‘ವನ್ನು, ಕಂಡು’. ಅಕ್ಕತಂಗಿಯರು ಬೇರೆ ಬೇರೆ ಮನೆ ಹೂಡಿದ ಮೇಲೂ ತವರಿನ ಒಡವೆ ಕಾಪಾಡಿಕೊಂಡಂತೆ. ಸಾವಿರಾರು ವರ್ಷ ಬಾಯಿಂದ ಬಾಯಿಗೆ ದಾಟಿ ಬಂದದ್ದು ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ನಿಂತುಹೋದರೆ ಅದಕ್ಕೆ ಹೊಣೆ ಯಾರು?

ಇದಕ್ಕೆ ಉತ್ತರ ಹುಡುಕಲು ಒಂದು ದಿನ ಮನೆಯಲ್ಲಿ ನನ್ನ ಮಾತನ್ನು ನಾನೇ ಗಮನಿಸಿದೆ. ಬೆಳಿಗ್ಗೆ: ಏಳು, ಬಾ, ತಿನ್ನು, ಬ್ಯಾಗ್ ತಗೋ, ಬಸ್ ಬರುತ್ತೆ, ಓಡು. ಸಂಜೆ: ಟೀವಿ ಬಿಡು, ಪುಸ್ತಕ ಇಡು, ಊಟಕ್ಕೆ ಬಾ, ಮಲಗು. ಎಲ್ಲವೂ ಅಪ್ಪಣೆ! ಅಪ್ಪಣೆಯಲ್ಲಿ ಭೂತಕಾಲ ಇರುವುದಿಲ್ಲ. ಉಳಿದಂತೆ ‘ಬರಲಿಲ್ಲ, ಕೊಡಲಿಲ್ಲ, ತಿನ್ನಲಿಲ್ಲ’ ಎಂಬ ದೂರುಗಳು. ಅವುಗಳಲ್ಲೂ ಬಂದ, ಕೊಟ್ಟ, ತಿಂದ ಎಂಬ ರೂಪಗಳು ಕಾಣಿಸುವುದಿಲ್ಲ. ಇನ್ನು ಮಿಕ್ಕದ್ದು ಕಾಲ್ ಮಾಡು, ಕ್ಲೀನ್ ಮಾಡು, ಫಿನಿಶ್ ಮಾಡು. ಕನ್ನಡದ ನೂರಾರು ಕ್ರಿಯಾಪದಗಳ ಕೆಲಸವನ್ನು ‘ಮಾಡು’ ಎಂಬ ಒಬ್ಬನೇ ಕೂಲಿಯ ತಲೆಗೆ ಕಟ್ಟಿದ್ದೇವೆ. ಅವನು ನಿಯಮದಂತೆ ‘ಮಾಡಿದೆ’ ಆಗುವವನು. ಮಗುವಿಗೆ ಸಿಕ್ಕ ಡೇಟಾ ಅಷ್ಟೇ, ಅದು ಕೊಟ್ಟ ಉತ್ತರ ‘ಬೀಳಿದೆ’. ತಪ್ಪು ಪ್ರೋಗ್ರಾಮಿನದಲ್ಲ, ಇನ್‌ಪುಟ್ಟಿನದು.

ಊರಿನಲ್ಲಿ ಹಾಗಲ್ಲ. ಜಗಲಿಯಲ್ಲಿ ಕುಳಿತು ಅಮ್ಮ ಹೇಳುವುದೆಲ್ಲ ನಡೆದ ಕತೆ. ಯಾರು ಬಂದರು, ಏನು ತಂದರು, ಯಾವ ಹಸು ತೋಟ ಹೊಕ್ಕಿತು, ಯಾರು ಬಿದ್ದರು, ಎದ್ದರು, ಅತ್ತರು, ನಕ್ಕರು, ಗೆದ್ದರು, ಸೋತರು. ಅಣ್ಣನ ಮಕ್ಕಳು ಜಾಣರು, ನನ್ನ ಮಗಳು ದಡ್ಡಿ ಎಂದೇನಿಲ್ಲ. ಅವರು ಕತೆ ಕೇಳಿ ಬೆಳೆದರು, ನನ್ನ ಮಗಳು ಅಪ್ಪಣೆ ಕೇಳಿ ಬೆಳೆದಳು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಮ್ಮ ಶುಕ್ರವಾರದ ಕನ್ನಡ ತರಗತಿಗಳಲ್ಲಿ ಅ ಆ ಇ ಈ ತಿದ್ದಿಸುವುದಕ್ಕೆ, ರಾಜ್ಯೋತ್ಸವದ ಹಾಡು ಬಾಯಿಪಾಠ ಮಾಡಿಸುವುದಕ್ಕೆ ಸಮಯವೆಲ್ಲ ಹೋಗುತ್ತದೆ. ಅದು ಬೇಡ ಎನ್ನುತ್ತಿಲ್ಲ. ಲಿಪಿ ಬಾರದಿದ್ದರೆ ಓದುವುದು ಹೇಗೆ ಎಂಬ ವಾದ ಸರಿಯೇ. ಆದರೆ ಲಿಪಿಯನ್ನು ಹದಿನೈದನೇ ವಯಸ್ಸಿನಲ್ಲೂ ಕೆಲವೇ ತಿಂಗಳಲ್ಲಿ ಕಲಿಯಬಹುದು. ಎಳವೆಯಲ್ಲಿ ಕಿವಿಗೆ ಬೀಳದ ‘ಬಿದ್ದೆ’ ಆಮೇಲೆ ಅಷ್ಟು ಸಲೀಸಾಗಿ ನಾಲಿಗೆಗೆ ಹತ್ತುವುದಿಲ್ಲ. ತರಗತಿಯ ಮೊದಲ ಕಾಲು ಗಂಟೆ ಪ್ರತಿ ಮಗುವೂ ಆ ವಾರ ನಡೆದದ್ದೊಂದನ್ನು ಹೇಳಲಿ. ದೊಡ್ಡವರೂ ಹೇಳೋಣ. ಮನೆಮಾತು ತುಳು, ಕೊಂಕಣಿ, ಬ್ಯಾರಿಯಾಗಿದ್ದು ಕನ್ನಡವನ್ನು ಎರಡನೆಯದಾಗಿ ಕಲಿಯುವ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗಂತೂ ಇದು ಇನ್ನೂ ಅಗತ್ಯ.

ತಿದ್ದಬಾರದೇ? ತಿದ್ದಬೇಕು, ನಗಬಾರದು. ತಿದ್ದುವ ದಾರಿಯನ್ನು ನನಗೆ ತೋರಿಸಿದವಳು ಅಮ್ಮ. ಎರಡು ತಿಂಗಳ ಕಾಲ ರಾತ್ರಿ ಮಲಗುವ ಮುಂಚೆ ಮಗಳಿಗೆ ನನ್ನ ಬಾಲ್ಯದ ಕತೆಗಳನ್ನು ಹೇಳಿದೆ. ತುಂಗೆಯಲ್ಲಿ ಮಿಂದದ್ದು, ಮಾವಿನ ಮರದಿಂದ ಬಿದ್ದದ್ದು, ಬೈಗುಳ ತಿಂದದ್ದು. ನಡುವೆ ಅವಳ ಪ್ರಶ್ನೆಗಳು: "ಅಪ್ಪಾ, ನೀನು ‘ಅತ್ತೆ’ ಅಂದ್ರೆ ನೀನು ಆಂಟಿನಾ? ‘ಹಣ್ಣು ತಂದೆ’ ಅಂದ್ರೆ ಹಣ್ಣಿನ ಅಪ್ಪನಾ?" ಈ ಸಲ ಇಬ್ಬರೂ ಜೊತೆಗೂಡಿ ನಕ್ಕೆವು.

ಕೊನೆಗೊಂದು ದಿನ ಅವಳಾಗಿಯೇ ಫೋನು ಕೇಳಿದಳು. "ಅಜ್ಜೀ, ಸ್ಕೂಲಲ್ಲಿ ರನ್ನಿಂಗ್ ರೇಸ್ ಇತ್ತು. ನಾನು ಬಿದ್ದೆ, ಎದ್ದೆ, ಆಮೇಲೆ ಗೆಲ್ಲಿದೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಆ ಕಡೆಯಿಂದ ಸಂಭ್ರಮಪಟ್ಟಳು: "ಹೌದಾ ಪುಟ್ಟೀ! ಗೆದ್ದೆಯಾ? ಬಿದ್ದು ಎದ್ದು ಗೆದ್ದೆಯಾ?"

"ಹೂಂ ಅಜ್ಜಿ, ಗೆದ್ದೆ" ಎಂದಳು ಮಗಳು. ಏನು ಬಹುಮಾನ ಕೊಟ್ಟರು, ಯಾರು ಸೋತರು ಎಂದು ಅಜ್ಜಿ ಕೇಳುತ್ತ ಹೋದಳು. ಆ ದಿನ ನನ್ನ ಕೈಗೆ ಫೋನು ಸಿಗಲು ಅರ್ಧ ಗಂಟೆ ಹಿಡಿಯಿತು.

ನಿಮ್ಮ ಮನೆಯ ಮಕ್ಕಳು ಏನೇನು ಹೊಸ ಪದ ಕಟ್ಟಿದ್ದಾರೆ? ಬರೆದು ತಿಳಿಸಿ, ಮುಂದಿನ ಸಂಚಿಕೆಗೆ ಒಂದು ಪಟ್ಟಿ ಮಾಡೋಣ. ಮಕ್ಕಳೆದುರು ಮಾತ್ರ ನಗಬೇಡಿ.